ಪೂಜೆ ಇಲ್ಲ ಎಂದು ಬರೆದುಕೊಟ್ಟವನ ಅಹವಾಲು

ಜಿಲ್ಲಾ ವಸ್ತುಸಂಗ್ರಹಾಲಯದ ಮಾನ್ಯ ಅಧಿಕಾರಿಗಳೇ,

ನಿಮ್ಮ ಅಂಗಳದಲ್ಲಿ ಹಗ್ಗದ ಬೇಲಿಯೊಳಗೆ ಕೂತಿರುವ ಕರಿಕಲ್ಲಿನ ನಂದಿ ನಮ್ಮ ಕರಿಗಲ್ಲಹಾಳದ್ದು. ಅದನ್ನು ನೀವು ಕದ್ದುಕೊಂಡು ಹೋದಿರಿ ಎಂದು ನಾನು ಹೇಳುತ್ತಿಲ್ಲ. ನಾನೇ ಕೊಟ್ಟೆ. ಸುಳ್ಳು ಬರೆದು, ಕೆಳಗೆ ಸಹಿ ಮಾಡಿ, ಹಸ್ತಾಕ್ಷರ ಚೆನ್ನಾಗಿದೆ ಎಂದು ನಿಮ್ಮಿಂದ ಹೊಗಳಿಸಿಕೊಂಡು ಕೊಟ್ಟೆ. ಮರಳಿ ಕೊಡಿ ಎಂದು ಮೂರು ಅರ್ಜಿ ಹಾಕಿದೆ. ಮೂರಕ್ಕೂ ನಿಮ್ಮದು ಒಂದೇ ಉತ್ತರ: 'ತಮ್ಮದೇ ಲಿಖಿತ ಹೇಳಿಕೆಯ ಪ್ರಕಾರ ಸದರಿ ಶಿಲ್ಪಕ್ಕೆ ಪೂಜೆ ಇರಲಿಲ್ಲವಾದ್ದರಿಂದ ತಮ್ಮ ಕೋರಿಕೆಯನ್ನು ಪರಿಗಣಿಸಲು ಬರುವುದಿಲ್ಲ.' ಇಷ್ಟು ಸತ್ಯನಿಷ್ಠ ಕಚೇರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಹಾಗಾಗಿ ನಾಲ್ಕನೆಯದನ್ನು ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ನೀವು ನಮ್ಮೂರಿಗೆ ಬಂದ ದಿನ ನೆನಪಿದೆಯೇ? ಪಕ್ಕದ ಎರಡು ಊರುಗಳಲ್ಲಿ ವಿಗ್ರಹಗಳು ಕಳುವಾಗಿದ್ದವು. ಹೊಂಡದ ದಂಡೆಯ ನಂದಿಯನ್ನು ನೀವು ಟೇಪು ಹಿಡಿದು ಅಳೆದಿರಿ. ಕೊರಳ ಗೆಜ್ಜೆಸರ, ಬೆನ್ನಿನ ಮೇಲಿನ ಹಾಸು, ಮುರಿದ ಎಡಕಿವಿ ಎಲ್ಲವನ್ನೂ ಬರೆದುಕೊಂಡಿರಿ. ಒಂಬೈನೂರು ವರ್ಷದ್ದಿರಬಹುದು ಎಂದಿರಿ. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದ ನಾನು ಬೆನ್ನ ಹಿಂದೆ ಕೈ ಕಟ್ಟಿಕೊಂಡು, ಊರಿನ ಇತಿಹಾಸವೆಲ್ಲ ನನ್ನ ಕಿಸೆಯಲ್ಲಿದೆಯೇನೋ ಎಂಬಂತೆ ನಿಂತಿದ್ದೆ. ಆಮೇಲೆ ನೀವು ಫಾರಂ ತೆಗೆದಿರಿ.

"ಪೂಜೆ ಇದೆಯಾ ಮೇಷ್ಟ್ರೇ? ಇದೆ ಅಂದ್ರೆ ನಾವು ಮುಟ್ಟೋ ಹಾಗಿಲ್ಲ. ಗ್ರಾಮಸಭೆ, ಒಪ್ಪಿಗೆ, ತಕರಾರು, ಮುಗಿಯೋ ಮಾತಲ್ಲ. ಇಲ್ಲ ಅಂದ್ರೆ ಈ ವಾರವೇ ಭದ್ರವಾಗಿ ಒಳಗಿಟ್ಟುಬಿಡ್ತೀವಿ. ಫಲಕದಲ್ಲಿ 'ಶೋಧ' ಅಂತ ನಿಮ್ಮ ಹೆಸರೂ ಬರುತ್ತೆ."

ನಾನು 'ಇಲ್ಲ' ಎಂದು ಬರೆದೆ. ನಂದಿಯ ಹಣೆಯ ಮೇಲೆ ಅಂದಿನದೇ ಕುಂಕುಮವಿತ್ತು. ನಿಮ್ಮ ಬೆರಳಿಗೆ ಹಸಿ ಎಣ್ಣೆ ಹತ್ತಿ, ನೀವು ಅದನ್ನು ಕರವಸ್ತ್ರದಲ್ಲಿ ಒರೆಸಿಕೊಂಡಿರಿ. ಪೂಜೆಯಿಲ್ಲದ ಕಲ್ಲು ತಾನಾಗಿಯೇ ಎಣ್ಣೆ ಬಿಡುತ್ತದೆಂದು ಯಾವ ಶಾಸ್ತ್ರದಲ್ಲಿ ಓದಿದ್ದಿರಿ, ಮಾನ್ಯರೇ? ಆದರೆ ನಿಮ್ಮನ್ನು ಕೇಳುವ ಬಾಯಿ ನನಗೆಲ್ಲಿದೆ. ಅದು ಯಾರ ಮನೆಯ ಎಣ್ಣೆ ಎಂಬುದೂ ನನಗೆ ಗೊತ್ತಿತ್ತು.

ನಮ್ಮ ಮನೆಯದು. ನನ್ನ ಅತ್ತಿಗೆ ತಂಗೆವ್ವನದು. ಅವ್ವ ತೀರಿಕೊಂಡಾಗ ನಾನು ನಾಲ್ಕು ವರ್ಷದವನು. ಆಗಷ್ಟೇ ಮದುವೆಯಾಗಿ ಬಂದಿದ್ದ ಹದಿನೈದರ ಹುಡುಗಿ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದಳು. ನಮ್ಮಣ್ಣನದು ಕಟುವಾದ ನಾಲಿಗೆ. ಅವನಿದ್ದಷ್ಟು ಕಾಲ ಅತ್ತಿಗೆ ಮನೆಯಲ್ಲಿ ಜೋರಾಗಿ ಮಾತಾಡಿದ್ದನ್ನು ನಾನು ಕೇಳಲಿಲ್ಲ. ಸೋಮವಾರ ಮಾತ್ರ ಹೊಂಡದ ದಂಡೆಗೆ ಹೋಗಿ, ನಂದಿಗೆ ಎಣ್ಣೆ ಹಚ್ಚಿ, ಕಣಗಿಲೆ ಹೂವಿಟ್ಟು, ಬಾಯಿಗೆ ಕೈ ಅಡ್ಡ ಹಿಡಿದು ಬಲಗಿವಿಯಲ್ಲಿ ಬಹಳ ಹೊತ್ತು ಮಾತಾಡುತ್ತಿದ್ದಳು. ಬೇಸಿಗೆಯಲ್ಲಿ ಮುರಿದ ಕಿವಿಗೆ ಬೆಣ್ಣೆ ಮೆತ್ತುತ್ತಿದ್ದಳು, ಉರಿಯುತ್ತದೆಂದು. ಅಣ್ಣ ಸತ್ತ ಮೇಲೂ ಅದು ತಪ್ಪಲಿಲ್ಲ. ನಾನೊಮ್ಮೆ ಚೇಷ್ಟೆಗೆ ಕೇಳಿದ್ದೆ.

"ಏನ್ ಹೇಳ್ತಿ ವೈನಿ, ಅಷ್ಟೊತ್ತನ?"

"ನಮ್ಮ ಮೈದುನಗ ಶಾಣ್ಯಾತನ ಹೆಚ್ಚಾಗೇತಿ, ಸ್ವಲ್ಪ ಇಳಿಸಪಾ ಅಂತ ಹೇಳೇನಿ."

ಬಸವಣ್ಣ ಅದೊಂದನ್ನು ನಡೆಸಿಕೊಡಲಿಲ್ಲ.

ನಂದಿಯನ್ನು ಒಯ್ಯಲು ನಿಮ್ಮ ಟ್ರ್ಯಾಕ್ಟರು ಬಂದ ವಾರ ಅತ್ತಿಗೆ ಮೊಮ್ಮಗಳ ಬಾಣಂತನಕ್ಕೆ ಹೋಗಿದ್ದಳು. ಹೊರಟ ದಿನ ಬೆಳಿಗ್ಗೆ ಹಚ್ಚಿ ಹೋದ ಎಣ್ಣೆಯೇ ನಿಮ್ಮ ಬೆರಳಿಗೆ ಹತ್ತಿದ್ದು. ತಿಂಗಳು ಬಿಟ್ಟು ಬಂದವಳು ಚೀಲ ಕೆಳಗಿಡದೆ ಹೊಂಡಕ್ಕೆ ಹೋಗಿ ಹಾಗೆಯೇ ತಿರುಗಿ ಬಂದಳು.

"ನಿರವಾಣಿ, ಬಸವಣ್ಣ ಎಲ್ಲೋ?"

"ಸರಕಾರದಾವ್ರು ಒಯ್ದಾರ ವೈನಿ. ಕಳ್ಳರ ಕಾಟ ನೋಡು, ಅದಕ್ಕ."

"ಯಾರೂ ಬ್ಯಾಡ ಅನಲಿಲ್ಲೇನು?"

"ಸರಕಾರಕ್ಕ ಯಾರ ಎದುರಾಡ್ತಾರ?"

ಐದು ತಿಂಗಳು ಈ ಮಾತಿನ ಮರೆಯಲ್ಲಿ ಬದುಕಿದೆ. ಅವಳು ಸೋಮವಾರ ಹೋಗಿ ಆ ಖಾಲಿ ತಗ್ಗಿನ ಎದುರು ಕೂತು ಬರುತ್ತಿದ್ದಳು. ಕಡೆಗೆ "ಒಮ್ಮೆ ತೋರಿಸ್ಕೊಂಡರ ಬಾ" ಎಂದು ಗಂಟು ಬಿದ್ದಾಗ ನಿಮ್ಮಲ್ಲಿಗೆ ಕರೆತರಲೇಬೇಕಾಯಿತು.

ನೀವು ಮದ್ದು ಹಾಕಿ ತಿಕ್ಕಿಸಿದ್ದಿರಿ. ಮಿರಿಮಿರಿ ಮಿಂಚುತ್ತಿದ್ದ ಮೈ ಬೂದಿಬಣ್ಣಕ್ಕೆ ತಿರುಗಿತ್ತು. ಅತ್ತಿಗೆ ಮೊದಲು ಗುರುತು ಹಿಡಿಯಲಿಲ್ಲ. ಮುರಿದ ಕಿವಿ ನೋಡಿ, "ಅಯ್ಯ, ಎಷ್ಟ್ ಬಡವಾಗೀಯೋ ನನ್ನಪ್ಪಾ!" ಎನ್ನುತ್ತ ಹಗ್ಗ ದಾಟಹೋದಳು. ಕಾವಲುಗಾರ ಓಡಿ ಬಂದ.

"ಏ ಅಜ್ಜಿ, ಮುಟ್ಟಬ್ಯಾಡ. ದೂರಿಂದ ನೋಡು."

"ಮುಟ್ಟೂದಿಲ್ಲಪಾ. ಕಿವ್ಯಾಗ ಒಂದು ಮಾತು ಹೇಳಿ ಬರ್ತೇನಿ."

"ಇದೇನು ಗುಡಿ ಅಲ್ಲ ಬೇ. ಬೋರ್ಡ್ ನೋಡಿಲ್ಲೇನು?"

"ನನಗೆಲ್ಲಿ ಓದಾಕ ಬರ್ತೈತಿ, ತಮ್ಮಾ. ಏನ್ ಬರದಾರ, ನೀನ ಓದು."

ಪಾಪ, ಅವನು ಒಳ್ಳೆಯವನು. ಗಟ್ಟಿಯಾಗಿ ಓದಿದ. 'ನಂದಿ. ಕರಿಶಿಲೆ. ಪೂಜೆಯಿಲ್ಲದ ಸ್ಥಿತಿಯಲ್ಲಿ ದೊರೆತದ್ದು. ಶೋಧ ಮತ್ತು ಹೇಳಿಕೆ: ಶ್ರೀ ನಿರ್ವಾಣೆಪ್ಪ ಕಡೇಮನಿ, ಚಿತ್ರಕಲಾ ಶಿಕ್ಷಕರು, ಕರಿಗಲ್ಲಹಾಳ.'

ಅತ್ತಿಗೆ ನನ್ನತ್ತ ತಿರುಗಿದಳು. ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಲೆಕ್ಕ ತಪ್ಪಿದ ಮಗುವಿನಂತೆ ಕೇಳಿದಳು: "ಪೂಜಿ ಇರಲಿಲ್ಲೇನೋ? ಹಂಗಾರ ಐವತ್ತೆಂಟು ವರ್ಷ ನಾ ಏನ್ ಮಾಡಿದೆ?"

ಈ ಪ್ರಶ್ನೆಗೆ ನಿಮ್ಮ ಫೈಲಿನಲ್ಲಿ ಉತ್ತರವಿದೆಯೇ?

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ಊರ ಅಗಸಿ ಬಾಗಿಲ ಹತ್ತಿರ ಇಳಿಯುವಾಗ ಮಾತ್ರ ಹೇಳಿದಳು: "ಒಂದ ಮಾತು ನನ್ನ ಕೇಳಿದ್ದರ, ಕಳ್ಳರ ಪಾಲಾಗೂದಕ್ಕಿಂತ ಒಯ್ಯಲೇಳು ಅಂತ ನಾನ ಅಂತಿದ್ನೋ ಏನೋ. ನೀ ಕೇಳಲಿಲ್ಲ."

ಕಳ್ಳರ ಭಯದಿಂದಲೇ ಬರೆದೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೆ. ನಿಜ ಬೇರೆ. ಫಲಕದ ಮೇಲೆ ನನ್ನ ಹೆಸರು ಬೇಕಾಗಿತ್ತು. ಗ್ರಾಮಸಭೆ ಕರೆದರೆ ಅತ್ತಿಗೆ ಎದ್ದು ನಿಲ್ಲುತ್ತಾಳೆ, ಅವಳೆದುರು ನನ್ನ ವಿದ್ಯೆ ನಡೆಯುವುದಿಲ್ಲ ಎಂಬುದು ಗೊತ್ತಿತ್ತು. ಅವಳು ಊರಲ್ಲಿಲ್ಲದ ವಾರವೇ ನನಗೆ ಅನುಕೂಲವಾಗಿತ್ತು. ನಿಮಗೂ ಅನುಕೂಲವಾಯಿತು. ನೀವು ನನ್ನ ಸುಳ್ಳನ್ನು ಕಣ್ಣಾರೆ ಕಂಡು ಠಸ್ಸೆ ಒತ್ತಿದಿರಿ. ಈಗ ಅದೇ ಠಸ್ಸೆಯನ್ನು ವೇದವಾಕ್ಯವೆಂದು ಎತ್ತಿ ತೋರಿಸುತ್ತಿದ್ದೀರಿ.

ಆದ್ದರಿಂದ ಈ ಸಲ ನಾನು ನಂದಿಯನ್ನು ಕೇಳುತ್ತಿಲ್ಲ. ಸರಕಾರಿ ಕಚೇರಿಗೆ ಸುಳ್ಳು ಹೇಳಿಕೆ ಕೊಟ್ಟ ಅಪರಾಧಕ್ಕಾಗಿ ನನ್ನ ಮೇಲೆ ದೂರು ದಾಖಲಿಸಿ ಎಂದು ಒತ್ತಾಯಿಸುತ್ತಿದ್ದೇನೆ. ಈ ಪತ್ರವೇ ನನ್ನ ತಪ್ಪೊಪ್ಪಿಗೆ. ನನ್ನ ಸುಳ್ಳು ಸಾಬೀತಾದರೆ ಪೂಜೆಯಿತ್ತು ಎಂಬುದೂ ಸಾಬೀತಾಗುತ್ತದೆ. ಆಮೇಲೆ ಕೈಬಿಟ್ಟ ಗ್ರಾಮಸಭೆಯನ್ನು ನೀವು ಕರೆಯಲೇಬೇಕಾಗುತ್ತದೆ. ಅಲ್ಲಿ ನಾನು ಬಾಯಿ ತೆರೆಯುವುದಿಲ್ಲ. ತಂಗೆವ್ವ ಕೊಡು ಎಂದರೆ ಕೊಡಿ, ಇರಲಿ ಎಂದರೆ ಇಟ್ಟುಕೊಳ್ಳಿ. ನನಗೆ ಜೈಲಾದರೆ ಆಗಲಿ. ಅದಕ್ಕೂ ಮೊದಲು, ದಯವಿಟ್ಟು, ಮುಂದಿನ ಸೋಮವಾರ ನಾನು ಅವಳನ್ನು ಕರೆತಂದಾಗ ಹಗ್ಗ ಬಿಚ್ಚಿಸಿ, ನಿಮ್ಮ ಕಾವಲುಗಾರನನ್ನು ಐದು ನಿಮಿಷ ಚಹಾಕ್ಕೆ ಕಳಿಸಿ. ಅವಳು ನನ್ನ ಬಗ್ಗೆ ಏನು ಹೇಳಬೇಕೋ ಹೇಳಿಕೊಳ್ಳಲಿ.

ಇಂತಿ,
ನನ್ನೊಡನೆ ಮಾತು ಬಿಟ್ಟ ಅತ್ತಿಗೆ ಈಗಲೂ ಹೊತ್ತುಹೊತ್ತಿಗೆ ಬಡಿದು ಹಾಕುವ ರೊಟ್ಟಿಯನ್ನು ತಲೆತಗ್ಗಿಸಿ ತಿನ್ನುತ್ತಿರುವ,
ನಿರ್ವಾಣೆಪ್ಪ ಕಡೇಮನಿ
ತಂಗೆವ್ವನ ಮೈದುನ, ಕರಿಗಲ್ಲಹಾಳ