ಹಿಮ್ಮಡಿಯ ಎರಡು ಪೆಟ್ಟು

ಭಾನುವಾರ, ಮಧ್ಯಾಹ್ನ

ರೀ,

ಕಾಗದದಲ್ಲಿ ಹೇಗೆ ಕರೆಯಬೇಕೆಂದು ತೋಚದೆ, ಅಡುಗೆಮನೆಯಿಂದ ಕೂಗುತ್ತಿದ್ದ ಹಾಗೆಯೇ ಕರೆದಿದ್ದೇನೆ. ಅಂಗಡಿಯ ಮಹಡಿಯಲ್ಲಿ ಒಬ್ಬರೇ ಇದ್ದೀರಿ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿಲ್ಲ ಎಂದು ನಿಮ್ಮ ತಮ್ಮ ಹೇಳಿದರು. ಗಡಿಯಾರ ರಿಪೇರಿ ಮಾಡುವವರಿಗೆ ಹೊತ್ತು ತಿಳಿಯುವುದಿಲ್ಲವೆಂದರೆ ಯಾರು ನಂಬುತ್ತಾರೆ?

ನಾನು ಚೆನ್ನಾಗಿದ್ದೇನೆ. ನಮ್ಮ ನಾಯಿ ದೊರೆಯೂ ಚೆನ್ನಾಗಿದ್ದಾನೆ. ಅವನ ಹೆಸರೆತ್ತಿದ ಕೂಡಲೇ ಕಾಗದ ಮಡಚಿಡಬೇಡಿ. ಮಲಗಿದ್ದವನನ್ನು ನೀವು ಭುಜ ಹಿಡಿದು ಅಲುಗಾಡಿಸಿದಿರಿ, ಅವನು ಬಲಗೈಗೇ ಬಾಯಿ ಹಾಕಿದ. ಚಿಮುಟ ಹಿಡಿಯಲಾಗದೆ ನೀವು ಕೆಲಸ ಬಿಟ್ಟು ಕೂತದ್ದನ್ನು ನಾನೂ ನೋಡಿದ್ದೇನೆ. "ಕಿವಿ ಕೇಳಲ್ಲ, ಮುಟ್ಟಿದ್ರೆ ಕಚ್ತಾನೆ. ಇಂಥ ನಾಯೀನ ಇಟ್ಕೊಂಡು ಏನ್ ಮಾಡ್ತೀಯ? ಎಲ್ಲಾದ್ರೂ ಬಿಟ್ಟು ಬರ್ತೀನಿ" ಎಂದಿರಿ. ನಾನು ಅವನ ಕೊರಳಪಟ್ಟಿ ಬಿಡಲಿಲ್ಲ. "ಹಾಗಾದ್ರೆ ಅವನ ಜೊತೇಲೇ ಇರು" ಎಂದು ಚೀಲ ತೆಗೆದುಕೊಂಡು ಮೆಟ್ಟಿಲಿಳಿದಿರಿ.

ಈಗ ನಾನು ಕಲಿತದ್ದನ್ನು ಹೇಳುತ್ತೇನೆ. ನಿದ್ದೆಯಲ್ಲಿದ್ದಾಗ ಅವನನ್ನು ಮುಟ್ಟಬಾರದು. ಸ್ವಲ್ಪ ದೂರ ನಿಂತು, ಹಿಮ್ಮಡಿಯಿಂದ ಹಲಗೆಯ ನೆಲಕ್ಕೆ ಎರಡು ಸಲ ತಟ್ಟಿದರೆ ಸಾಕು. ನೆಲದ ನಡುಕ ಹೊಟ್ಟೆಗೆ ತಾಗಿ ಕಣ್ಣು ಬಿಡುತ್ತಾನೆ, ನಾನೆಂದು ಕಂಡು ಬಾಲ ಬಡಿಯುತ್ತಾನೆ. ಇದು ಹೊಳೆದದ್ದು ಹೊಲಿಗೆ ಮೆಷಿನ್ನಿನಿಂದ. ಅದರ ಪಕ್ಕದಲ್ಲೇ ಮಲಗಿರುತ್ತಿದ್ದವನು, ನಾನು ತುಳಿಯುವುದು ನಿಲ್ಲಿಸಿ ನೆಲದ ನಡುಕ ನಿಂತೊಡನೆ ಏಳುತ್ತಿದ್ದ. ಅಂದಿನಿಂದ ಯಾರಿಗೂ ಹಲ್ಲು ತಾಗಿಸಿಲ್ಲ. ಕೆಳಮನೆಯ ಅಜ್ಜಿ ಮಾತ್ರ "ಏನಮ್ಮ, ಈ ವಯಸ್ಸಲ್ಲಿ ಡ್ಯಾನ್ಸ್ ಕಲೀತಿದ್ದೀಯಾ?" ಎಂದು ಕೇಳುತ್ತಾರೆ. ಬೆಳಿಗ್ಗೆ ಅವನು ಬಾಗಿಲ ಬಳಿ ಹೊಟ್ಟೆಯೂರಿ ಮಲಗುತ್ತಾನೆ. ಮೆಟ್ಟಿಲ ಮೇಲೆ ಹೆಜ್ಜೆ ಬಿದ್ದರೆ ತಲೆ ಎತ್ತುತ್ತಾನೆ, ಹಾಲಿನವನೆಂದು ತಿಳಿದು ಮತ್ತೆ ಮಲಗುತ್ತಾನೆ.

ಅಕ್ಕ ತನ್ನ ಮನೆಗೇ ಬಂದುಬಿಡು ಎಂದು ಹಟ ಹಿಡಿದಿದ್ದಾಳೆ. "ಒಬ್ಳೇ ಎಷ್ಟು ದಿನ ಅಂತ ಇರ್ತೀಯ? ನಾಯೀನೂ ಕರ್ಕೊಂಡು ಬಾ" ಎಂದಳು. ಈ ಮನೆ ಬಿಡುತ್ತೇನೋ ಇಲ್ಲವೋ ಎಂದು ಮಾಲೀಕರಿಗೆ ನಾಳೆ ಹೇಳಬೇಕು. ಅಕ್ಕನದು ಸಿಮೆಂಟು ನೆಲ. ಯಾರ ಹೆಜ್ಜೆಯೂ ಅವನಿಗೆ ತಿಳಿಯುವುದಿಲ್ಲ, ಬೆಚ್ಚಿಬಿದ್ದು ಅವಳ ಮಕ್ಕಳನ್ನು ಕಚ್ಚಿದರೆ? ಅದಕ್ಕೇ ಬರುವುದಿಲ್ಲ ಎಂದುಬಿಟ್ಟೆ. ಅವನ ಸಲುವಾಗಿ, ಅಷ್ಟೆ. ನೀವು ಬೇರೆ ಅರ್ಥ ಮಾಡಿಕೊಳ್ಳಬೇಡಿ.

ಕೈ ಹೇಗಿದೆ? ಸಣ್ಣ ತಿರುಪು ಹಿಡಿಯಲು ಆಗುತ್ತಿದೆಯೇ? ಆ ಕೈಯನ್ನು ಒಮ್ಮೆ ನೋಡಬೇಕೆಂದು ತುಂಬಾ ಆಸೆಯಾಗುತ್ತದೆ.

ಇನ್ನೂ ನಿಮ್ಮವಳೇ ಆದ,
ನಿಮ್ಮ ಹೆಂಡತಿ

ವಿ.ಸೂ.: ಕಳೆದ ವಾರ ನಾನೂ ದೊರೆಯೂ ಅಕ್ಕನ ಮನೆಗೆ ಹೋಗಿ ಒಂದು ರಾತ್ರಿ ಉಳಿದಿದ್ದೆವು. ಆ ಸಿಮೆಂಟು ನೆಲದ ಮೇಲೆ, ಮಕ್ಕಳ ನಡುವೆ, ದೊರೆ ಹಾಯಾಗಿ ಗೊರಕೆ ಹೊಡೆದ. ನೀವು ಬಂದು ಬೀಗ ನೋಡಿ ಹಿಂದಿರುಗಿಬಿಟ್ಟರೆ ಏನು ಗತಿ ಎಂದು ನಿದ್ದೆಗೆಟ್ಟು, ಬೆಳಗಾಗುತ್ತಲೇ ಅವನನ್ನೂ ಎಬ್ಬಿಸಿಕೊಂಡು ಓಡಿಬಂದವಳು ನಾನು.