ನಿನ್ನ ಕಾಲಿನ ಹುಣ್ಣು ದೆಹಲಿ ಸಭೆಗೆ ಬಂತು

ತಂಗಿ ನೀಲಾವತಿ,

ಕಾಲಿನ ಹುಣ್ಣಿನ ಮಾತೆತ್ತಿದರೆ ಫೋನು ಇಟ್ಟುಬಿಡುತ್ತೀಯಲ್ಲ, ಈ ಕಾರ್ಡಿನ ಬಾಯಿ ಮುಚ್ಚಿಸು ನೋಡೋಣ. ಮೊಮ್ಮಗಳು ನಿರೀಕ್ಷಾ ನನ್ನನ್ನು ಜಗತ್ತಿನ ಆರೋಗ್ಯ ಸರಿಮಾಡುವ ಯುವ ನಾಯಕರ ಸಭೆಗೆ ಕರೆದೊಯ್ದಳು. ಇನ್ನೂರು ನಾಯಕರು, ಒಬ್ಬರೂ ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ. ಪ್ರಶ್ನೆ ಕೇಳಿ ಎಂದರು. ಸಕ್ಕರೆ ಕಾಯಿಲೆಯ ತಂಗಿ ಆಸ್ಪತ್ರೆಗೆ ಹೋಗುವುದಿಲ್ಲ, ಏನು ಮಾಡಲಿ ಎಂದೆ. ನಿರೀಕ್ಷಾ ಅದನ್ನು ಹಿಂದಿಯಲ್ಲಿ ಹೇಳಿದಳು. ವೇದಿಕೆಯವರೆಲ್ಲ ತಮ್ಮ ಕಾಗದಗಳಲ್ಲಿ ಹುಡುಕತೊಡಗಿದರು. ಹಿಂದೆ ಕೂತಿದ್ದ ಅಸ್ಸಾಮಿನ ನರ್ಸು ಹುಡುಗಿ ಮಾತ್ರ, "ದಾದೀಜಿ, ಹೋಗು ಅನ್ನಬೇಡಿ, ಜೊತೆಗೆ ಹೋಗಿ" ಎಂದಳು.

ಹಾಗಾಗಿ ಹಬ್ಬದವರೆಗೆ ಇಲ್ಲಿರುವ ಯೋಚನೆ ಬಿಟ್ಟೆ. ಮಂಡಿ ನೋವು ಬಿಟ್ಟರೆ ನಾನು ಸೌಖ್ಯ. ಡಾಕ್ಟರು ಯಾವ ದಿನ ಇರುತ್ತಾರೆಂದು ಮುಂದಿನ ತಿಂಗಳು ಹುಟ್ಟುವ ಮೊದಲು ಬರೆ. ಬರೆಯದಿದ್ದರೆ ಇನ್ನೂರು ನಾಯಕರನ್ನೂ ನಿನ್ನ ಜಗಲಿಗೆ ಕರೆತರುತ್ತೇನೆ, ತಿಂಡಿ ನೀನೇ ಮಾಡು.

ನಿನ್ನ ಅಕ್ಕ