ಧೂಳು ಬಾರದ ಬ್ರೇಕ್ ಪ್ಯಾಡ್

ರೀ,

ಕಾರನ್ನು ಆರ್.ಎಸ್. ಪುರಂ ವರ್ಕ್‌ಶಾಪಿಗೆ ಒಯ್ಯುತ್ತಿದ್ದೇನೆ. ಅಲಾಯ್ ಚಕ್ರಗಳು ಕಪ್ಪಾಗಬಾರದೆಂದು ನೀವು ಎರಡು ತಿಂಗಳು ಓದಿ ಆರಿಸಿದ, ಧೂಳು ಕಡಿಮೆ ಉದುರಿಸುವ ಬ್ರೇಕ್ ಪ್ಯಾಡುಗಳು ಡಿಕ್ಕಿಯಲ್ಲಿ ಸೀಲು ಒಡೆಯದೆ ಕೂತಿವೆ. ಹೊಸವನ್ನು ಹಾಕಿಸಿಯಾಯಿತು ಎಂದುಕೊಂಡು ಮೂರು ವಾರದಿಂದ ನೀವು ನೆಂಟರ ಮುಂದೆಲ್ಲ ಹೊಗಳುತ್ತಿರುವುದು ಹಳೆಯವನ್ನು.

ಡ್ರೈವರ್ ಮುತ್ತುಸಾಮಿಯನ್ನು ಕೇಳಿದೆ. "ಚಕ್ರದ ಮೇಲೆ ಕರಿ ಇರಬಾರ್ದು ಅಂತ ತಾನೇ ಸಾರ್ ಹೇಳಿದ್ದು, ಅಮ್ಮಾ? ದಿನಾ ಒರೆಸ್ತಿದೀನಿ. ಹೊಸದು ಸ್ಪೇರಿಗೆ ಇರ್ಲಿ ಅಂತ ಇಟ್ಟಿದೀನಿ" ಎಂದ.

ಚಕ್ರ ಬಿಚ್ಚಿಸಿ ನೋಡಿದೆ. ಹಳೆಯವು ಸವೆದು ಎರಡು ಮಿಲಿಮೀಟರೂ ಉಳಿದಿಲ್ಲ. ನಾಳೆ ಅತ್ತೆಯವರನ್ನು ಕೂರಿಸಿಕೊಂಡು ವಾಲ್ಪಾರೈ ಘಟ್ಟದ ನಲವತ್ತು ತಿರುವು ಹತ್ತಿ ಇಳಿಯಬೇಕು. ಹೊಸವನ್ನು ಹಾಕಿಸಿಕೊಂಡೇ ಬರುತ್ತೇನೆ.

ಸಾರು ಬಿಸಿ ಮಾಡಿಕೊಳ್ಳಿ. ಮುತ್ತುಸಾಮಿಯನ್ನು ಬೈಯಬೇಡಿ. ಕಳೆದುಹೋಗಿದ್ದ ನಿಮ್ಮ ತಿರುಪ್ಪೂರು ಬನಿಯನ್ ಡಿಕ್ಕಿಯಲ್ಲಿ ಕರಿ ಮೆತ್ತಿಕೊಂಡು ಸಿಕ್ಕಿತು. ಇಷ್ಟು ದಿನ ಧೂಳು ಕಡಿಮೆ ಮಾಡಿದ್ದು ಅದೇ.

ಭಾವನಾ